ಕೇಳಿದರೆ ಅರ್ಥವಾಗುತ್ತದೆ, ಓದಲು ಬರುವುದಿಲ್ಲ: ಎರಡು ಪಂಜಾಬುಗಳ ಮಾತುಕತೆಯ ಹಿನ್ನೆಲೆ

ಅಮೃತಸರದಿಂದ ಲಾಹೋರ್‌ಗೆ ಸುಮಾರು 50 ಕಿಲೋಮೀಟರ್. ಎರಡೂ ಕಡೆ ಮನೆಮಾತು ಪಂಜಾಬಿ. ಅಮೃತಸರದ ಅಜ್ಜಿಯೊಬ್ಬರು ಫೋನಿನಲ್ಲಿ ಮಾತಾಡಿದರೆ ಲಾಹೋರಿನ ಹುಡುಗಿಗೆ ಪೂರ್ತಿ ಅರ್ಥವಾಗುತ್ತದೆ, ನಗು ಎಲ್ಲಿ, ಬೈಗುಳ ಎಲ್ಲಿ ಅನ್ನುವುದೂ ಗೊತ್ತಾಗುತ್ತದೆ. ಅದೇ ಮಾತನ್ನು ಅಜ್ಜಿ ಬರೆದು ಕಳಿಸಿದರೆ ಆ ಹುಡುಗಿಗೆ ಒಂದಕ್ಷರವೂ ಓದಲು ಬರುವುದಿಲ್ಲ. ಭಾರತದ ಕಡೆ ಪಂಜಾಬಿಯನ್ನು ಗುರುಮುಖಿಯಲ್ಲಿ ಬರೆಯುತ್ತಾರೆ, ಎಡದಿಂದ ಬಲಕ್ಕೆ. ಪಾಕಿಸ್ತಾನದ ಕಡೆ ಉರ್ದುವಿನಂತೆ ಬಲದಿಂದ ಎಡಕ್ಕೆ ಹೋಗುವ ಶಾಹಮುಖಿ.

ನಮ್ಮವರಿಗೆ ಇದು ತೀರಾ ಹೊಸ ಸಂಗತಿಯೇನಲ್ಲ. ಮಂಗಳೂರಿನ ಕೊಂಕಣಿಗರು ಕನ್ನಡ ಲಿಪಿಯಲ್ಲಿ ಬರೆಯುತ್ತಾರೆ, ಗೋವಾದವರು ದೇವನಾಗರಿಯಲ್ಲೋ ರೋಮನ್‌ನಲ್ಲೋ ಬರೆಯುತ್ತಾರೆ. ಆದರೆ ಮಂಗಳೂರಿಗೂ ಮಡಗಾಂವಿಗೂ ನಡುವೆ ರೈಲಿದೆ, ಮುಳ್ಳುತಂತಿ ಇಲ್ಲ. ಪಂಜಾಬಿಗಳಿಗೆ ಲಿಪಿಯ ಗೋಡೆ, ಗಡಿಯ ಗೋಡೆ ಎರಡೂ ಇವೆ. ಸಣ್ಣ ಸಮುದಾಯವೂ ಅಲ್ಲ. ಪಾಕಿಸ್ತಾನದ 2023ರ ಜನಗಣತಿಯ ಪ್ರಕಾರ ಅಲ್ಲಿ ಶೇಕಡಾ 37ರಷ್ಟು ಜನರ ಮಾತೃಭಾಷೆ ಪಂಜಾಬಿ. ಭಾರತದಲ್ಲಿ 2011ರ ಲೆಕ್ಕಕ್ಕೆ 3.3 ಕೋಟಿ ಜನ. ಕೆನಡಾ, ಇಂಗ್ಲೆಂಡ್‌ನಲ್ಲಿ ಇರುವವರು ಬೇರೆ. ಇಷ್ಟೊಂದು ಜನ ತಮ್ಮ ಸುದ್ದಿಯನ್ನು, ಬದುಕಿನ ಪ್ರಶ್ನೆಗಳನ್ನು ಒಬ್ಬರಿಗೊಬ್ಬರು ಹೇಗೆ ಮುಟ್ಟಿಸುತ್ತಾ ಬಂದರು ಅಂತ ನೋಡಿದರೆ ಒಂದು ವಿಷಯ ಸ್ಪಷ್ಟವಾಗುತ್ತದೆ. ಮೊದಲಿನಿಂದಲೂ ಅವರನ್ನು ಹತ್ತಿರ ಇಟ್ಟಿದ್ದು ಬರಹಕ್ಕಿಂತ ಜಾಸ್ತಿ ದನಿ.

ಹಳೆಯ ಪಂಜಾಬಿನ ಹಳ್ಳಿಯಲ್ಲಿ ಇದಕ್ಕೊಂದು ಜಾಗವೇ ಇತ್ತು, ಸತ್ಥ್ ಅಂತ. ಅರಳಿ ಮರದ ಕೆಳಗೋ ಆಲದ ಮರದ ಕೆಳಗೋ ಗಂಡಸರು ಕೂತು ಬೆಳೆ, ಮಳೆ, ಕೋರ್ಟು ಕಚೇರಿ, ಯಾರ ಎಮ್ಮೆ ಕಳುವಾಯಿತು ಅನ್ನುವುದೆಲ್ಲ ಮಾತಾಡುವ ಜಾಗ, ನಮ್ಮ ಊರ ಅರಳಿಕಟ್ಟೆಯ ಹಾಗೆ. ಊರಿಂದ ಊರಿಗೆ ಮದುವೆಯ ಸುದ್ದಿ, ಸಾವಿನ ಸುದ್ದಿ ಒಯ್ಯುತ್ತಿದ್ದವನು ಊರಿನ ಕ್ಷೌರಿಕ. ಹೆಂಗಸರು ಸತ್ಥ್‌ನಲ್ಲಿ ಕೂರುವಂತಿರಲಿಲ್ಲ. ಅವರಿಗೆ ತ್ರಿಂಜಣ್ ಇತ್ತು: ಒಂದು ಮನೆಯಲ್ಲಿ ಸೇರಿ ಚರಕದಲ್ಲಿ ನೂಲು ತೆಗೆಯುತ್ತಾ ಹಾಡುವುದು. ಅತ್ತೆಯ ಕಾಟ, ದಂಡಿಗೆ ಸೇರಿ ದೂರ ಹೋದ ಗಂಡ, ಮತ್ತೆ ಕಾಣದ ತವರು, ಇವೆಲ್ಲ ಹಾಡಿನಲ್ಲಿ ಬರುತ್ತಿದ್ದವು. ಹಾಡಿನಲ್ಲಿ ಬಂದರೆ ಅದು ಯಾರೊಬ್ಬಳ ದೂರೂ ಅಲ್ಲ, ಎಲ್ಲರದ್ದೂ. ಇದನ್ನು ಇಲ್ಲಿ ಒತ್ತಿ ಹೇಳುತ್ತಿರುವುದಕ್ಕೆ ಕಾರಣವಿದೆ, ಹೆಸರು ಹೇಳದೆ ಕೇಳುವ ಪ್ರಶ್ನೆಯ ವಿಷಯ ಕೊನೆಗೆ ಮತ್ತೆ ಬರುತ್ತದೆ.

1849ರಲ್ಲಿ ಬ್ರಿಟಿಷರು ಪಂಜಾಬನ್ನು ವಶ ಮಾಡಿಕೊಂಡರು. ಕಚೇರಿಗೂ ಶಾಲೆಗೂ ಉರ್ದುವನ್ನು ತಂದರು. ಮನೆಯಲ್ಲಿ ಪಂಜಾಬಿ, ಅರ್ಜಿಯಲ್ಲಿ ಉರ್ದು ಅನ್ನುವ ಅಭ್ಯಾಸ ಅಲ್ಲಿಂದ ಗಟ್ಟಿಯಾಯಿತು. ಗುರುಮುಖಿ ಸಿಖ್ಖರ ಧರ್ಮಗ್ರಂಥದ ಲಿಪಿಯಾಗಿ ಉಳಿಯಿತು, ಲಾಹೋರಿನಿಂದ 1886ರಲ್ಲಿ ಹೊರಟ ಖಾಲ್ಸಾ ಅಖ್ಬಾರ್‌ನಂಥ ಪತ್ರಿಕೆಗಳು ಅದರಲ್ಲಿ ಅಚ್ಚಾದವು. ಹಿಂದೂ ಪಂಜಾಬಿಗಳಲ್ಲಿ ಹಲವರು ನಿಧಾನಕ್ಕೆ ದೇವನಾಗರಿಯ ಕಡೆ ವಾಲಿದರು. ಒಂದೇ ಮಾತು, ಮೂರು ಲಿಪಿ, ಪ್ರತಿ ಲಿಪಿಯ ಹಿಂದೆ ಒಂದು ಧರ್ಮ. ನನ್ನ ಪ್ರಕಾರ ದೇಶ ಒಡೆಯುವ ಎಷ್ಟೋ ಮೊದಲೇ ಓದುಗರು ಒಡೆದುಹೋಗಿದ್ದರು.

ಆದರೂ ಸುದ್ದಿ ನಿಲ್ಲಲಿಲ್ಲ, ಯಾಕಂದರೆ ಓದಲು ಬರುವವನು ಒಬ್ಬನಿದ್ದರೆ ಸಾಕಿತ್ತು, ಉಳಿದವರು ಕೇಳುತ್ತಿದ್ದರು. ಮೊದಲ ಮಹಾಯುದ್ಧದ ಪತ್ರಗಳನ್ನೇ ನೋಡಿ. ಬ್ರಿಟಿಷ್ ಭಾರತದಿಂದ ಯುದ್ಧಕ್ಕೆ ಸೇರಿದ ಸೈನಿಕರಲ್ಲಿ ಅರ್ಧದ ಆಸುಪಾಸು ಪಂಜಾಬಿನವರು. ಬಹಳ ಜನಕ್ಕೆ ಬರೆಯಲು ಬರುತ್ತಿರಲಿಲ್ಲ. ಫ್ರಾನ್ಸ್‌ನ ಕಂದಕದಲ್ಲಿ ಕೂತು ಬೇರೆಯವರ ಕೈಲಿ ಬರೆಸುತ್ತಿದ್ದರು, ಊರಲ್ಲಿ ಯಾರೋ ಓದಿ ಹೇಳುತ್ತಿದ್ದರು. ನಡುವೆ ಸರ್ಕಾರದ ಸೆನ್ಸಾರ್ ಅಧಿಕಾರಿಗಳೂ ಓದುತ್ತಿದ್ದರು. ಅದಕ್ಕೇ ಸೈನಿಕರು ಗುಟ್ಟಿನ ಮಾತು ಕಟ್ಟಿಕೊಂಡರು. ಕರಿಮೆಣಸು ಅಂದರೆ ಭಾರತೀಯ ಸೈನಿಕರು, ಕೆಂಪು ಮೆಣಸು ಅಂದರೆ ಬಿಳಿಯರು. ಕರಿಮೆಣಸು ಮುಗಿಯುತ್ತಾ ಬಂತು ಅಂತ ಬರೆದರೆ ಮನೆಯವರಿಗೆ ವಿಷಯ ಗೊತ್ತಾಗುತ್ತಿತ್ತು. ಸೆನ್ಸಾರ್‌ನವರಿಗೂ ಗೊತ್ತಾಯಿತು ಅನ್ನಿ. ಅವರು ಇಂಗ್ಲಿಷಿಗೆ ಅನುವಾದಿಸಿ ಇಟ್ಟುಕೊಂಡ ಭಾಗಗಳಿಂದಲೇ ಆ ಪತ್ರಗಳು ಇವತ್ತು ಬ್ರಿಟಿಷ್ ಲೈಬ್ರರಿಯಲ್ಲಿ ಉಳಿದಿವೆ.

ಅದೇ ಹೊತ್ತಿಗೆ ಅಮೆರಿಕದ ಪಶ್ಚಿಮ ಕರಾವಳಿಯ ಮರದ ಮಿಲ್ಲುಗಳಲ್ಲಿ, ಹೊಲಗಳಲ್ಲಿ ದುಡಿಯುತ್ತಿದ್ದ ಪಂಜಾಬಿಗಳು ಬ್ರಿಟಿಷ್ ಆಳ್ವಿಕೆಯ ವಿರುದ್ಧ ಗದರ್ ಎಂಬ ಪತ್ರಿಕೆ ಹೊರಡಿಸಿದರು. ಸ್ಯಾನ್ ಫ್ರಾನ್ಸಿಸ್ಕೋದಿಂದ ಮೊದಲ ಸಂಚಿಕೆ ಬಂದದ್ದು 1913ರ ನವೆಂಬರ್ 1ರಂದು, ಉರ್ದುವಿನಲ್ಲಿ. ಮುಂದಿನ ತಿಂಗಳೇ ಗುರುಮುಖಿ ಆವೃತ್ತಿ ಬಂತು. ಅದರ ಮುದ್ರಣಕ್ಕೆ ಹಗಲಿರುಳು ದುಡಿದ ಕರ್ತಾರ್ ಸಿಂಗ್ ಸರಾಭಾಗೆ ಆಗ 17 ವರ್ಷ. ಎರಡು ವರ್ಷ ಕಳೆಯುವುದರೊಳಗೆ, ದಂಗೆ ಎಬ್ಬಿಸಲು ಊರಿಗೆ ಮರಳಿದ ಆ ಹುಡುಗನನ್ನು ಲಾಹೋರ್ ಜೈಲಿನಲ್ಲಿ ಗಲ್ಲಿಗೇರಿಸಿದರು. ಓದಲು ಬಾರದ ಕೂಲಿಗಳು ಕೆಲಸ ಮುಗಿಸಿ ಬಂದು ಸುತ್ತ ಕೂತು ಈ ಪತ್ರಿಕೆಯನ್ನು ಓದಿಸಿಕೊಂಡು ಕೇಳುತ್ತಿದ್ದರು. ಎರಡು ಲಿಪಿಯಲ್ಲಿ ಅಚ್ಚಾಗಿ ಒಂದೇ ದನಿಯಲ್ಲಿ ಕೇಳಿಸಿದ ಪತ್ರಿಕೆ ಅದು, ಅದಕ್ಕೇ ನನಗೆ ಇಡೀ ಚರಿತ್ರೆಯಲ್ಲಿ ಬಹಳ ಇಷ್ಟವಾದದ್ದು.

ರಾಜಕೀಯ ಸರಿ, ಮನೆಯೊಳಗಿನ ಪ್ರಶ್ನೆ? ಪ್ರೀತಿ, ಮದುವೆ, ಗಂಡ ಹೆಂಡಿರ ನಡುವಿನ ಮರ್ಯಾದೆ, ದೇವರ ಮೇಲಿನ ಅನುಮಾನ, ಇವನ್ನು ಬರಹದಲ್ಲಿ ನೇರವಾಗಿ ಎತ್ತಿದ್ದು ಪ್ರೀತ್ ಲಡೀ ಪತ್ರಿಕೆ. ಅಮೆರಿಕದಲ್ಲಿ ಇಂಜಿನಿಯರಿಂಗ್ ಓದಿ ಬಂದ ಗುರ್ಬಕ್ಷ್ ಸಿಂಗ್ 1933ರಲ್ಲಿ ಶುರು ಮಾಡಿದರು. ಪ್ರೀತಿಸುವುದು ಅಂದರೆ ಇನ್ನೊಬ್ಬರನ್ನು ವಶಪಡಿಸಿಕೊಳ್ಳುವುದಲ್ಲ ಅನ್ನುವುದು ಅವರ ಬರಹದ ತಿರುಳು. ಆ ಕಾಲದ ಪಂಜಾಬಿನಲ್ಲಿ ಹಾಗೆ ಬರೆಯಲು ಧೈರ್ಯ ಬೇಕಿತ್ತು. 1938ರಲ್ಲಿ ಅಮೃತಸರ ಮತ್ತು ಲಾಹೋರ್‌ಗಳ ನಡುವೆ ಪ್ರೀತ್ ನಗರ ಅಂತ ಒಂದು ಊರನ್ನೇ ಕಟ್ಟಿದರು, ಅಲ್ಲಿ ಎಲ್ಲರಿಗೂ ಸೇರಿ ಒಂದು ಅಡುಗೆಮನೆ, ಹುಡುಗ ಹುಡುಗಿಯರು ಒಟ್ಟಿಗೆ ಓದುವ ಶಾಲೆ. ಒಂಬತ್ತು ವರ್ಷಕ್ಕೆ ದೇಶ ಒಡೆಯಿತು. ಗಡಿಗೆ ತೀರಾ ಹತ್ತಿರವಿದ್ದ ಆ ಊರು ಖಾಲಿಯಾಯಿತು. ಪತ್ರಿಕೆ ಮಾತ್ರ ಮುಂದುವರಿಯಿತು. 1984ರ ಫೆಬ್ರವರಿಯಲ್ಲಿ ಅದರ ಸಂಪಾದಕರಾಗಿದ್ದ ಮೊಮ್ಮಗ ಸುಮೀತ್ ಸಿಂಗ್ ಅವರನ್ನು ಉಗ್ರರು ಗುಂಡಿಟ್ಟು ಕೊಂದರು. ಆಮೇಲೂ ಮನೆಯವರು ಪತ್ರಿಕೆ ನಿಲ್ಲಿಸಲಿಲ್ಲ.

1947ರ ನಂತರ ಎರಡೂ ಕಡೆ ಅಕ್ಷರ ಬೇರೆ ಬೇರೆ ದಾರಿ ಹಿಡಿಯಿತು. ಈ ಕಡೆ ದೊಡ್ಡ ಹೋರಾಟದ ಬಳಿಕ 1966ರಲ್ಲಿ ಪಂಜಾಬಿ ಭಾಷಿಕರ ರಾಜ್ಯವಾಯಿತು, ಅದೂ ನಮ್ಮ ರಾಜ್ಯೋತ್ಸವದ ದಿನವೇ, ನವೆಂಬರ್ 1ರಂದು. ಶಾಲೆ, ಬಸ್ಸಿನ ಬೋರ್ಡು, ಸರ್ಕಾರಿ ಪತ್ರ ಎಲ್ಲ ಗುರುಮುಖಿಗೆ ಬಂದವು. ಆ ಕಡೆ ಶಾಲೆಯ ಭಾಷೆ ಉರ್ದುವಾಗಿಯೇ ಉಳಿಯಿತು. ಲಾಹೋರಿನ ವಿಧಾನಸಭೆಯಲ್ಲಿ ಸದಸ್ಯರು ತಮ್ಮ ಮನೆಮಾತು ಪಂಜಾಬಿಯಲ್ಲಿ ಮಾತಾಡಲು ನಿಯಮದ ತಡೆ ಇತ್ತು, ಅದನ್ನು ಬದಲಿಸಿದ್ದು 2024ರಲ್ಲಿ. ಅಷ್ಟು ವರ್ಷ!

ಆದರೆ ರೇಡಿಯೋಗೆ ಪಾಸ್‌ಪೋರ್ಟ್ ಬೇಕಿರಲಿಲ್ಲ. ಲಾಹೋರ್ ರೇಡಿಯೋದ ಹಳ್ಳಿಗರ ಕಾರ್ಯಕ್ರಮದಲ್ಲಿ ನಿಜಾಮ್ ದೀನ್ ಎಂಬ ಪಾತ್ರ ಬರುತ್ತಿತ್ತು. ಹಳ್ಳಿಯ ಹಿರಿಯನ ಹಾಗೆ ಹರಟೆ, ಬುದ್ಧಿಮಾತು, ತಮಾಷೆ. ಈ ಕಡೆಯ ಪಂಜಾಬಿನಲ್ಲೂ ಜನ ಕಾದು ಕೂತು ಕೇಳುತ್ತಿದ್ದರು. ಜಲಂಧರ್ ಆಕಾಶವಾಣಿ ಆ ಕಡೆಗೂ ಕೇಳಿಸುತ್ತಿತ್ತು. ಯುದ್ಧಗಳಾದವು, ವೀಸಾ ಬಿಗಿಯಾಯಿತು, ಸತ್ಥ್‌ನ ಹರಟೆ ಮಾತ್ರ ಗಾಳಿಯಲ್ಲಿ ಹೋಗಿ ಬರುತ್ತಲೇ ಇತ್ತು.

ಇಂಗ್ಲೆಂಡ್‌ಗೆ ಹೋದವರಿಗೆ ಲಂಡನ್ನಿನ ಸೌತಾಲ್‌ನಲ್ಲಿ 1965ರಲ್ಲಿ ದೇಸ್ ಪರ್ದೇಸ್ ವಾರಪತ್ರಿಕೆ ಶುರುವಾಯಿತು. ಊರ ಸುದ್ದಿ, ವಲಸೆ ಕಾನೂನು, ವಧು ವರರ ಜಾಹೀರಾತು ಎಲ್ಲ ಒಂದೇ ಕಡೆ. ಅದರ ಸಂಪಾದಕ ತರ್ಸೇಮ್ ಸಿಂಗ್ ಪುರೇವಾಲ್ ಅವರನ್ನು 1995ರ ಜನವರಿಯಲ್ಲಿ ಕಚೇರಿಯ ಬಳಿಯೇ ಗುಂಡಿಟ್ಟು ಕೊಂದರು. ಪಂಜಾಬಿಯಲ್ಲಿ ಸುದ್ದಿ ಬರೆಯುವುದು ಎಷ್ಟೋ ಸಲ ಪ್ರಾಣದ ಪ್ರಶ್ನೆಯಾಗಿತ್ತು.

ಕಂಪ್ಯೂಟರ್ ಬಂದ ಮೇಲೆ ಗೋಡೆ ಬೀಳಬಹುದು ಅಂತ ಆಸೆ ಇತ್ತು. ಮೊದಲಿಗೆ ಗೋಡೆಗಳು ಹೆಚ್ಚಾದವು. ನುಡಿ, ಬರಹ ತಂತ್ರಾಂಶಗಳ ಕಾಲ ನೆನಪಿರುವವರಿಗೆ ಇದು ಚೆನ್ನಾಗಿ ಗೊತ್ತು: ಒಂದು ಫಾಂಟಿನಲ್ಲಿ ಬರೆದದ್ದು ಇನ್ನೊಂದರಲ್ಲಿ ಕಸವಾಗಿ ಕಾಣುತ್ತಿತ್ತು, ಅಲ್ವಾ? ಗುರುಮುಖಿಗೂ ಹಾಗೇ. ಅನ್‌ಮೋಲ್ ಲಿಪಿ, ಸತ್ಲುಜ್, ಅಸೀಸ್ ಅಂತ ಫಾಂಟುಗಳು, ಒಂದೊಂದರ ಕೀಲಿ ಒಂದೊಂದು ಥರ. ಎಲ್ಲ ಕಂಪ್ಯೂಟರುಗಳಿಗೂ ಒಂದೇ ಅಕ್ಷರ ಸಂಕೇತ ಕೊಡುವ ಯುನಿಕೋಡ್‌ನಲ್ಲಿ ಗುರುಮುಖಿಗೆ 1991ರಲ್ಲೇ ಜಾಗ ಸಿಕ್ಕಿದ್ದರೂ ಅದು ಎಲ್ಲರ ಕೈಗೆ ಬರಲು ಬಹಳ ಕಾಲ ಹಿಡಿಯಿತು. ಶಾಹಮುಖಿಯ ಕಥೆ ಇನ್ನೂ ಕಷ್ಟದ್ದು. ಪಂಜಾಬಿಯಲ್ಲಿ ನಮ್ಮ ಹಾಗೆ ಣ ಮತ್ತು ಳ ದನಿಗಳಿವೆ, ಉರ್ದುವಿನಲ್ಲಿ ಇಲ್ಲ. ಉರ್ದು ಅಕ್ಷರಗಳಲ್ಲೇ ಕೆಲಸ ಸಾಗಿಸುತ್ತಿದ್ದವರು ಈ ದನಿಗಳನ್ನು ಸುಮ್ನೆ ನ, ಲ ಅಂತಲೇ ಬರೆಯುತ್ತಿದ್ದರು. ಶಾಹಮುಖಿಯ ಳಕಾರಕ್ಕೆ ಯುನಿಕೋಡ್‌ನಲ್ಲಿ ಸ್ವಂತ ಅಕ್ಷರ ಬಂದದ್ದು 2020ರಲ್ಲಿ. ಒಂದು ಅಕ್ಷರಕ್ಕೆ ಇಷ್ಟು ಕಾಯಬೇಕಾಯಿತಲ್ಲ ಅಂತ ಕನ್ನಡದವರಾದ ನಮಗೆ ನೋವಾಗಲೇಬೇಕು. ವಿಕಿಪೀಡಿಯವೂ ಎರಡಾಗಿದೆ, ಗುರುಮುಖಿಯದು ಒಂದು, ಶಾಹಮುಖಿಯದು ಇನ್ನೊಂದು.

ಮತ್ತೆ ಸೇತುವೆಯಾದದ್ದು ದನಿಯೇ. ಫೈಸಲಾಬಾದ್‌ನ ನಾಸಿರ್ ಢಿಲ್ಲೋನ್ ನಡೆಸುವ ಪಂಜಾಬಿ ಲಹರ್ ಯೂಟ್ಯೂಬ್ ವಾಹಿನಿ 1947ರಲ್ಲಿ ಬೇರೆಯಾದವರನ್ನು ಹುಡುಕುತ್ತದೆ. ಕೇಳುವ ಪ್ರಶ್ನೆ ಹಳೆಯದೇ: ನಿಮ್ಮ ಊರು ಯಾವುದು, ಅಪ್ಪನ ಹೆಸರೇನು, ಪಕ್ಕದ ಮನೆಯಲ್ಲಿ ಯಾರಿದ್ದರು? ಪಾಕಿಸ್ತಾನದ ಒಬ್ಬ ವೃದ್ಧರು ಕಳೆದುಹೋದ ತಮ್ಮನ ಬಗ್ಗೆ ಹೀಗೆ ಹೇಳಿದ್ದನ್ನು ಬಠಿಂಡಾ ಕಡೆಯ ಹಳ್ಳಿಯ ವೈದ್ಯರೊಬ್ಬರು ನೋಡಿ, ಅಣ್ಣ ತಮ್ಮ ಫೋನಿನಲ್ಲಿ ಒಬ್ಬರ ಮುಖ ಒಬ್ಬರು ನೋಡುವಂತಾಯಿತು. 2022ರ ಜನವರಿಯಲ್ಲಿ ಕರ್ತಾರ್‌ಪುರದಲ್ಲಿ ಅವರು 74 ವರ್ಷಗಳ ನಂತರ ತಬ್ಬಿಕೊಂಡರು. ಪಾಕಿಸ್ತಾನದಲ್ಲಿರುವ ಆ ಗುರುದ್ವಾರಕ್ಕೆ ಭಾರತದ ಯಾತ್ರಿಕರು ಹೋಗಲು 2019ರ ನವೆಂಬರ್‌ನಲ್ಲಿ ತೆರೆದ ದಾರಿ ಇಲ್ಲದಿದ್ದರೆ ಇದೂ ಆಗುತ್ತಿರಲಿಲ್ಲ. ಈ ಇಡೀ ಕೆಲಸದಲ್ಲಿ ಲಿಪಿ ಅಡ್ಡ ಬರಲೇ ಇಲ್ಲ ನೋಡಿ.

ಹಾಗಾದರೆ ಲಿಪಿಯ ಚಿಂತೆ ಬಿಟ್ಟುಬಿಡಬಹುದು ಅಂತ ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ಕಳೆದುಹೋದ ತಮ್ಮನನ್ನು ಕ್ಯಾಮೆರಾ ಮುಂದೆ ಕೂತು ಹುಡುಕಬಹುದು. ಮದುವೆಯಾಗಿ ತಿಂಗಳಿಗೇ ವಿದೇಶಕ್ಕೆ ಹೋದ ಗಂಡ ಮತ್ತೆ ಫೋನೇ ಎತ್ತುತ್ತಿಲ್ಲ ಅನ್ನುವ ಹೆಣ್ಣುಮಗಳು ತನ್ನ ದನಿಯಲ್ಲಿ, ತನ್ನ ಮುಖ ತೋರಿಸಿ ಕೇಳುವುದು ಹೇಗೆ? ಇಂಥ ಮದುವೆಗಳು ಪಂಜಾಬಿನಲ್ಲಿ ಸಾಕಷ್ಟಿವೆ. 2001ರ ಜನಗಣತಿಯಲ್ಲಿ ಭಾರತದ ಪಂಜಾಬಿನಲ್ಲಿ ಆರು ವರ್ಷದೊಳಗಿನ 1000 ಹುಡುಗರಿಗೆ 798 ಹುಡುಗಿಯರಷ್ಟೇ ಇದ್ದರು. ಆ ಲೆಕ್ಕದ ಹಿಂದೆ ಎಷ್ಟು ತಾಯಂದಿರ ಬಾಯಿಬಿಡದ ಪ್ರಶ್ನೆಗಳಿರಬೇಕು. ಜಾತಿ ಮೀರಿ ಪ್ರೀತಿಸಿದವರು, ವಿದೇಶಕ್ಕೆ ಕಳಿಸುವ ಏಜೆಂಟನಿಗೆ ಹೊಲ ಮಾರಿ ದುಡ್ಡು ಕೊಟ್ಟು ಮೋಸಹೋದವರು ಕೂಡ ಹೀಗೇ. ಅವರಿಗೆಲ್ಲ ಹೆಸರಿಲ್ಲದೆ ಬರೆಯುವ ಜಾಗ ಬೇಕು. ತ್ರಿಂಜಣ್‌ನ ಹಾಡು ಮಾಡುತ್ತಿದ್ದ ಕೆಲಸವನ್ನು ಈಗ ಬರಹ ಮಾಡಬೇಕಾಗಿದೆ. ಲಾಹೋರಿನ ಹೆಣ್ಣುಮಗಳ ಪ್ರಶ್ನೆಗೆ ಲುಧಿಯಾನದಲ್ಲಿ ಅದನ್ನೇ ಅನುಭವಿಸಿದವಳು ಉತ್ತರ ಕೊಡಬಲ್ಲಳು, ಓದಲು ಬಂದರೆ.

ಪಟಿಯಾಲಾದ ಪಂಜಾಬಿ ವಿಶ್ವವಿದ್ಯಾಲಯದಲ್ಲಿ ಗುರ್‌ಪ್ರೀತ್ ಸಿಂಗ್ ಲೇಹಲ್ ಮತ್ತು ಅವರ ಜೊತೆಗಾರರು ಶಾಹಮುಖಿಯನ್ನು ಗುರುಮುಖಿಗೆ, ಗುರುಮುಖಿಯನ್ನು ಶಾಹಮುಖಿಗೆ ಬದಲಿಸುವ ತಂತ್ರಾಂಶ ಮಾಡಿದ್ದಾರೆ. ಗುರುಮುಖಿಯಿಂದ ಆ ಕಡೆ ಹೋಗುವುದು ಸುಲಭ. ವಾಪಸ್ ಬರುವುದು ಕಷ್ಟ, ಯಾಕಂದರೆ ಶಾಹಮುಖಿಯಲ್ಲಿ ಅ, ಇ, ಉ ಥರದ ಹ್ರಸ್ವ ಸ್ವರಗಳನ್ನು ಸಾಮಾನ್ಯವಾಗಿ ಬರೆಯುವುದೇ ಇಲ್ಲ, ಯಂತ್ರ ಸುತ್ತಲಿನ ಪದಗಳನ್ನು ನೋಡಿ ಊಹಿಸಬೇಕು. ಊಹೆ ಸರಿಯಾಗಬೇಕಾದರೆ ಶಾಹಮುಖಿಯಲ್ಲಿ ಬರೆದ ಪಠ್ಯ ರಾಶಿ ರಾಶಿ ಬೇಕು. ಬರೆಯುವವರು ಬೇಕೆಂದರೆ ಶಾಲೆಯಲ್ಲಿ ಕಲಿಸಬೇಕು. ಪಾಕಿಸ್ತಾನದ ಪಂಜಾಬಿನಲ್ಲಿ ಹೆಚ್ಚಿನ ಮಕ್ಕಳು ಇವತ್ತಿಗೂ ಉರ್ದು ಮತ್ತು ಇಂಗ್ಲಿಷ್ ಬರೆಯಲು ಕಲಿತು ಹೊರಬರುತ್ತಾರೆ, ಮನೆಯಲ್ಲಿ ಆಡುವ ಮಾತನ್ನು ಬರೆಯಲು ಕಲಿಯುವುದಿಲ್ಲ.