ಯಾವ ವಿಭಾಗಕ್ಕೂ ಪೂರ್ತಿ ಸೇರದ ಪಿಎಚ್‌ಡಿ

1979. ಪೋರ್ಟೊ ರಿಕೊದ ಸ್ಯಾನ್ ಹುವಾನ್. ಸಮ್ಮೇಳನಕ್ಕೆ ಬಂದಿದ್ದ ಜಿಲ್ ಬ್ರಸಾರ್ ಕಡಲಲ್ಲಿ ಈಜುತ್ತಿದ್ದರು. ಗುರುತಿಲ್ಲದ ಒಬ್ಬರು ಈಜುತ್ತಾ ಹತ್ತಿರ ಬಂದು, ಯಾರಿಗೂ ನಕಲು ಮಾಡಲಾಗದ ಹಣದ ನೋಟಿನ ಬಗ್ಗೆ ಮಾತು ತೆಗೆದರು. ಅವರು ಐಬಿಎಂನ ಚಾರ್ಲ್ಸ್ ಬೆನೆಟ್. ಬ್ರಸಾರ್ ಕಂಪ್ಯೂಟರ್ ವಿಜ್ಞಾನಿ. ಬೆನೆಟ್ ಮೊದಲು ಓದಿದ್ದು ರಸಾಯನಶಾಸ್ತ್ರ. ಆ ಸ್ನೇಹದಿಂದ ಹುಟ್ಟಿದ್ದೇ, ಸಂದೇಶ ಮುಚ್ಚಿಡುವ ಗುಟ್ಟಿನ ಕೀಲಿಯನ್ನು ಕ್ವಾಂಟಂ ನಿಯಮಗಳ ನೆರವಿನಿಂದ ಹಂಚುವ ಬಿಬಿ84 ವಿಧಾನ. ಅದರ ಪ್ರಬಂಧ ಮಂಡನೆಯಾದದ್ದು ಎಲ್ಲಿ ಗೊತ್ತಾ? 1984ರ ಡಿಸೆಂಬರ್‌ನಲ್ಲಿ, ನಮ್ಮ ಬೆಂಗಳೂರಿನ ಒಂದು ಸಮ್ಮೇಳನದಲ್ಲಿ.

ನೋಟಿನ ಯೋಚನೆ ಮಾತ್ರ ಭೌತಶಾಸ್ತ್ರಜ್ಞ ಸ್ಟೀಫನ್ ವೀಸ್ನರ್ ಅವರದ್ದು. 1970ರ ಸುಮಾರಿಗೆ ಬರೆದದ್ದು ಅಚ್ಚಾಗಿದ್ದು 1983ರಲ್ಲಿ. ಭೌತಶಾಸ್ತ್ರವೋ, ಗುಪ್ತಲಿಪಿಯೋ ಎಂದು ಹೇಳುವುದೇ ಕಷ್ಟವಾದ ಬರಹ ಅದು. ಪರಮಾಣು ಮಟ್ಟದ ನಿಯಮಗಳಿಂದ ಮಾಹಿತಿ ಸಾಗಿಸುವ, ಲೆಕ್ಕ ಮಾಡುವ ಕ್ವಾಂಟಂ ಮಾಹಿತಿ ವಿಜ್ಞಾನಕ್ಕೆ ಈ ತೊಡಕು ಹುಟ್ಟಿನಿಂದಲೇ ಅಂಟಿಕೊಂಡಿದೆ.

1994ರಲ್ಲಿ ಗಣಿತಜ್ಞ ಪೀಟರ್ ಶೋರ್, ದೊಡ್ಡ ಸಂಖ್ಯೆಗಳನ್ನು ಕ್ವಾಂಟಂ ಕಂಪ್ಯೂಟರ್ ಬೇಗ ಅಪವರ್ತಿಸಬಲ್ಲದು ಎಂದು ತೋರಿಸಿದ ಮೇಲೆ ಈ ಕಡೆ ಬರುವ ವಿದ್ಯಾರ್ಥಿಗಳು ಜಾಸ್ತಿಯಾದರು. ಆದರೆ ಪಿಎಚ್‌ಡಿಗೆ ಸೇರುವುದು ಎಲ್ಲಿ? ಭೌತಶಾಸ್ತ್ರಕ್ಕೆ ಸೇರಿದರೆ ವಿದ್ಯುತ್ಕಾಂತತೆಯ ಪರೀಕ್ಷೆ ಪಾಸಾಗಬೇಕು. ಕಂಪ್ಯೂಟರ್ ವಿಜ್ಞಾನಕ್ಕೆ ಸೇರಿದರೆ ಆಪರೇಟಿಂಗ್ ಸಿಸ್ಟಂ ಓದಬೇಕು. ತನಗೆ ಬೇಕಾದದ್ದು ಮಾತ್ರ ಅರ್ಧ ಇಲ್ಲಿ, ಅರ್ಧ ಅಲ್ಲಿ.

ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯ ಮಧ್ಯದ ದಾರಿ ಹಿಡಿಯಿತು. 2002ರಲ್ಲಿ ಅಲ್ಲಿ ಕ್ವಾಂಟಂ ಕಂಪ್ಯೂಟಿಂಗ್ ಸಂಸ್ಥೆ ಶುರುವಾಯಿತು. ನಂತರ ಬಂದ ಪದವಿ ಕಾರ್ಯಕ್ರಮದಲ್ಲಿ ವಿದ್ಯಾರ್ಥಿ ತನ್ನ ವಿಭಾಗದಲ್ಲೇ ಇದ್ದು, ಕ್ವಾಂಟಂ ಕೋರ್ಸ್‌ಗಳನ್ನೂ ಮಾಡುತ್ತಾನೆ. ಬ್ರಿಟನ್ನಿನ ಬ್ರಿಸ್ಟಲ್ 2014ರಲ್ಲಿ ಇನ್ನೊಂದು ಬಗೆ ನೋಡಿತು: ಮೊದಲ ವರ್ಷ ಇಡೀ ತಂಡಕ್ಕೆ ಒಟ್ಟಿಗೆ ತರಬೇತಿ, ಸಂಶೋಧನೆ ಆಮೇಲೆ. ಹಾರ್ವರ್ಡ್ 2021ರಲ್ಲಿ ಇದಕ್ಕೇ ಬೇರೆ ಪಿಎಚ್‌ಡಿ ಘೋಷಿಸಿತು.

ನನಗೆ ಬ್ರಿಸ್ಟಲ್ ದಾರಿಯೇ ಹೆಚ್ಚು ಹಿಡಿಸುತ್ತದೆ. ಪಠ್ಯಕ್ರಮ ಮಾಡುವವರ ನಿಜವಾದ ತಲೆನೋವು ಏನು ಸೇರಿಸಬೇಕು ಎಂಬುದಲ್ಲ, ಏನು ಬಿಡಬೇಕು ಎಂಬುದು. ಎಲ್ಲರಿಗೂ ಸಿಗುವ ಮೆಟ್ಟಿಲೆಂದರೆ ರೇಖೀಯ ಬೀಜಗಣಿತ. ಕ್ವಾಂಟಂ ಕಂಪ್ಯೂಟರಿನ ಮೂಲ ಘಟಕವಾದ ಕ್ಯೂಬಿಟ್ ಅಂದರೆ ಎರಡು ಆಯಾಮದ ಒಂದು ಸದಿಶ (ವೆಕ್ಟರ್), ಅದರ ಮೇಲೆ ನಡೆಸುವ ಕ್ರಿಯೆಯಾದ ಗೇಟ್ ಅಂದರೆ ಮ್ಯಾಟ್ರಿಕ್ಸ್. ಹೈಡ್ರೋಜನ್ ಪರಮಾಣುವಿನ ಸಮೀಕರಣ ಬಿಡಿಸಲು ಬಾರದವರೂ ಇಲ್ಲಿಂದ ಶುರು ಮಾಡಬಹುದು. ಆದರೆ ಅಷ್ಟಕ್ಕೇ ನಿಂತರೆ ಲ್ಯಾಬಿನಲ್ಲಿ ಪೇಚಾಟ. ರೋಧವಿಲ್ಲದೆ ವಿದ್ಯುತ್ ಹರಿಯುವ ಲೋಹದಿಂದ ಮಾಡಿದ ಸೂಪರ್‌ಕಂಡಕ್ಟಿಂಗ್ ಕ್ಯೂಬಿಟ್ ಕೆಲಸ ಮಾಡುವುದು ಪರಮ ಶೂನ್ಯ ತಾಪಮಾನಕ್ಕಿಂತ ಡಿಗ್ರಿಯ ನೂರನೇ ಒಂದು ಭಾಗದಷ್ಟೇ ಮೇಲೆ. ಅದರ ಜೊತೆ ಮಾತಾಡುವುದು ಮೈಕ್ರೋವೇವ್‌ನಲ್ಲಿ. ಅಲ್ಲಿ ಪ್ರಮೇಯಕ್ಕಿಂತ ಕೇಬಲ್, ಫಿಲ್ಟರ್, ಸಿಗ್ನಲ್ ಕೆಡಿಸುವ ಗದ್ದಲದ ಲೆಕ್ಕವೇ ಮುಖ್ಯ. ಕೇಬಲ್ ಗೊತ್ತಿದ್ದವರಿಗೆ, ಯಾವ ಲೆಕ್ಕ ಎಷ್ಟು ಕಷ್ಟ ಎಂದು ಅಳೆಯುವ ಸಂಕೀರ್ಣತೆಯ ಸಿದ್ಧಾಂತ ಕಬ್ಬಿಣದ ಕಡಲೆ. ಒಂದು ವರ್ಷ ಒಟ್ಟಿಗೆ ಕೂತರೆ ಪರಸ್ಪರ ಕೇಳಿಯಾದರೂ ಕಲಿಯುತ್ತಾರೆ, ಅಲ್ವಾ?

ಭಾರತ 2023ರ ಏಪ್ರಿಲ್‌ನಲ್ಲಿ 6,003.65 ಕೋಟಿ ರೂಪಾಯಿಯ ರಾಷ್ಟ್ರೀಯ ಕ್ವಾಂಟಂ ಮಿಷನ್‌ಗೆ ಒಪ್ಪಿಗೆ ಕೊಟ್ಟಿತು. ಅದರ ಕೆಲಸ ನಾಲ್ಕು ಕೇಂದ್ರಗಳಿಗೆ ಹಂಚಿಕೆಯಾಗಿದೆ: ಕಂಪ್ಯೂಟಿಂಗ್ ಬೆಂಗಳೂರಿನ ಐಐಎಸ್‌ಸಿಗೆ, ಸಂವಹನ ಐಐಟಿ ಮದ್ರಾಸಿಗೆ, ಸಂವೇದಕಗಳು ಐಐಟಿ ಬಾಂಬೆಗೆ, ವಸ್ತುಗಳು ಮತ್ತು ಸಾಧನಗಳು ಐಐಟಿ ದೆಹಲಿಗೆ. ಆಡಳಿತಕ್ಕೆ ಇದು ಸರಿಯೇ. ಆದರೆ ಒಳ್ಳೆಯ ಕ್ಯೂಬಿಟ್ ಮಾಡಲು ಹೊರಟ ಬೆಂಗಳೂರಿನ ವಿದ್ಯಾರ್ಥಿಗೆ ದೆಹಲಿಯ ಪಾಲಿಗೆ ಬಂದ ವಸ್ತುವಿಜ್ಞಾನವೂ ಮೊದಲ ವರ್ಷದಲ್ಲೇ ಬೇಕಾಗುತ್ತದೆ.