ಕುಮಟಾದ ಗೇರುಬೀಜ, ವಿಯೆಟ್ನಾಂನ ಮಷಿನ್

ಗೇರುಬೀಜದ ಫ್ಯಾಕ್ಟರಿಗೆ ಹೋಗುವವರನ್ನು ಬೆರಳು ನೋಡಿಯೇ ಗುರುತಿಸಬಹುದು. ಸಿಪ್ಪೆಯ ಎಣ್ಣೆ ತಾಗಿ ತಾಗಿ ಚರ್ಮ ಕಪ್ಪಾಗಿರುತ್ತದೆ. ಬೇಯಿಸಿದ ಬೀಜವನ್ನು ಒಂದೊಂದೇ ಬ್ಲೇಡಿಗೆ ಕೊಟ್ಟು, ಕಾಲಲ್ಲಿ ಪೆಡಲ್ ಒತ್ತಿ, ತಿರುಳು ಮುರಿಯದ ಹಾಗೆ ಬಿಡಿಸಬೇಕು. ಮುರಿದರೆ ರೇಟು ಬಿತ್ತು. ಒಂದು ಪೌಂಡಿಗೆ 300ರಿಂದ 320 ಇಡೀ ಬೀಜ ತೂಗಿದರೆ ಅದು ‘ಡಬ್ಲ್ಯೂ 320’, ವ್ಯಾಪಾರದಲ್ಲಿ ಜಾಸ್ತಿ ಓಡುವ ಮಾಲು.

ಈ ಕೈಚಳಕವೇ ನಮ್ಮ ಬಂಡವಾಳವಾಗಿತ್ತು. ಪೋರ್ಚುಗೀಸರು 16ನೇ ಶತಮಾನದಲ್ಲಿ ಬ್ರೆಜಿಲ್‌ನಿಂದ ತಂದ ಗಿಡ, ಕುಮಟಾ, ಅಂಕೋಲಾ ಕಡೆಯ ಹೆಂಗಸರ ಕೈಕೆಲಸ, ಮುಂದೆ ಆಫ್ರಿಕಾದಿಂದ ಹಡಗಲ್ಲಿ ಬಂದ ಹಸಿ ಬೀಜ. ಎಲ್ಲ ಸೇರಿ ಗೋಡಂಬಿ ರಫ್ತಿನಲ್ಲಿ ಭಾರತವನ್ನು ಮೀರಿಸುವವರೇ ಇರಲಿಲ್ಲ. ಅಷ್ಟರಲ್ಲಿ ವಿಯೆಟ್ನಾಂನವರು ಬೀಜ ಒಡೆಯುವ, ಪೊರೆ ತೆಗೆಯುವ ಮಷಿನ್‌ಗಳನ್ನು ತಮ್ಮಲ್ಲೇ ಮಾಡಿಕೊಂಡರು. 2006ರಲ್ಲಿ ರಫ್ತಿನಲ್ಲಿ ನಮ್ಮನ್ನು ಹಿಂದೆ ಹಾಕಿಯೂ ಬಿಟ್ಟರು. ಹಾಗಾಗಿ ಎಲ್ಲ ಹಾಳಾಗಿದ್ದು ಕೊರೊನಾದಿಂದ ಅಂತ ಯಾರಾದರೂ ಹೇಳಿದರೆ ನಾನಂತೂ ಒಪ್ಪುವುದಿಲ್ಲ.

ಕೊರೊನಾ ಮಾಡಿದ್ದು ಇಷ್ಟೇ, ಮುಚ್ಚಿಟ್ಟ ಹುಳುಕನ್ನು ತೋರಿಸಿತು. 2020ರ ಮಾರ್ಚ್ 25ಕ್ಕೆ ದೇಶಕ್ಕೆ ಬೀಗ ಬಿದ್ದಾಗ ಕರಾವಳಿಯಲ್ಲಿ ಗೇರುಹಣ್ಣು ಉದುರುವ ಕಾಲ. ತೋಟದಲ್ಲಿ ಬೀಜ, ಮನೆಯಲ್ಲಿ ಕೆಲಸದವರು. ಆಮೇಲೆ ಕಂಟೇನರ್ ಬರ, ಹಡಗಿನ ಬಾಡಿಗೆ ಹಲವು ಪಟ್ಟು. ಬೇಕಾದ ಹಸಿ ಬೀಜದಲ್ಲಿ ಸುಮಾರು ಅರ್ಧ ಹೊರಗಿನಿಂದಲೇ ಬರುವ ಉದ್ಯಮಕ್ಕೆ ಇದು ಬರುವಾಗಲೂ ಪೆಟ್ಟು, ಹೋಗುವಾಗಲೂ ಪೆಟ್ಟು.

ಆ ಮೇ ತಿಂಗಳಲ್ಲಿ ಆತ್ಮನಿರ್ಭರ ಘೋಷಣೆ ಆಯಿತು. ಜಾಸ್ತಿ ತಯಾರಿಸಿದವರಿಗೆ ಪ್ರೋತ್ಸಾಹಧನ ಕೊಡುವ ಪಿಎಲ್‌ಐ ಯೋಜನೆ 14 ಕ್ಷೇತ್ರಗಳಿಗೆ ಹರಡಿತು, ಒಟ್ಟು 1.97 ಲಕ್ಷ ಕೋಟಿ ರೂಪಾಯಿ. ಮೊಬೈಲ್ ಫೋನಿನಲ್ಲಿ ಅದು ಕೆಲಸ ಮಾಡಿದೆ, ಇಲ್ಲ ಅನ್ನಲಾಗದು. ಆಹಾರದಲ್ಲಿ ಆರಿಸಿದ್ದು ನಾಲ್ಕು ವಿಭಾಗ: ದಿಢೀರ್ ತಿನಿಸು, ಹಣ್ಣು-ತರಕಾರಿ ಸಂಸ್ಕರಣೆ, ಸಮುದ್ರದ ಮೀನು-ಸಿಗಡಿ, ಮತ್ತೆ ಮೊಝರೆಲ್ಲಾ ಚೀಸ್. ಹೌದು, ಪಿಜ್ಜಾದ ಮೇಲೆ ಹಾಕುತ್ತಾರಲ್ಲ, ಅದೇ. ಗೇರುಬೀಜಕ್ಕೆ ಅಂತ ಬೇರೆ ವಿಭಾಗ ಇಲ್ಲ.

ಒಂದು ಸಣ್ಣ ಫ್ಯಾಕ್ಟರಿಗೆ ಬೇಕಾಗಿರುವುದು ಕಡಿಮೆ ಬಡ್ಡಿಯ ಸಾಲ, ತಿರುಳು ಮುರಿಯದ ಮಷಿನ್, ಮತ್ತೆ ಮಂಗಳೂರು ಬಂದರಿಗೆ ಹೇಳಿದ ದಿನ ತಲುಪುವ ಲಾರಿ. ಈ ಕೊನೆಯದು ಸಲೀಸು ಅನ್ನಿಸುತ್ತದೆ ಅಲ್ವಾ? 2024ರ ಜುಲೈ 16ರಂದು ಅಂಕೋಲಾ ಹತ್ತಿರದ ಶಿರೂರಿನಲ್ಲಿ ಗುಡ್ಡ ಕುಸಿಯಿತು. ಜನ ಸತ್ತರು, ಮಂಗಳೂರಿಗೆ ಹೋಗುವ ಹೆದ್ದಾರಿ 66 ಮುಚ್ಚಿತು. ಮೂರು ವಾರ ಕಳೆಯುವಷ್ಟರಲ್ಲಿ ಅದೇ ಹೆದ್ದಾರಿಯಲ್ಲಿ ಕಾರವಾರದ ಹಳೆಯ ಕಾಳಿ ಸೇತುವೆಯೂ ನದಿಗೆ ಬಿತ್ತು.