ತಿಂಗಳಿಗೆ 600 ಡಾಲರ್ ಎಣಿಸಿಕೊಂಡವರು ಸ್ವಯಂಸೇವಕರು ಹೇಗಾಗುತ್ತಾರೆ?

ಪ್ರಶ್ನೆ: ಎರಡನೇ ಮಹಾಯುದ್ಧದಲ್ಲಿ ಚೀನಾ ಪರವಾಗಿ ಹಾರಿದ ‘ಫ್ಲೈಯಿಂಗ್ ಟೈಗರ್ಸ್’ ಪೈಲಟ್‌ಗಳನ್ನು ಅಮೆರಿಕದ ಸ್ವಯಂಸೇವಕರು ಎಂದು ಎಲ್ಲೆಡೆ ಬರೆಯುತ್ತಾರೆ. ಆದರೆ ಅವರಿಗೆ ದೊಡ್ಡ ಸಂಬಳವಿತ್ತು, ವಿಮಾನ ಉರುಳಿಸಿದರೆ ಬೇರೆ ದುಡ್ಡು ಸಿಗುತ್ತಿತ್ತು. ಹಾಗಿದ್ದರೆ ಅವರು ಬಾಡಿಗೆ ಸೈನಿಕರಲ್ಲವೇ?

ಉತ್ತರ: ದುಡ್ಡಿನ ಮಾತು ನಿಜ. ಸಾಮಾನ್ಯ ಪೈಲಟ್‌ಗೆ ತಿಂಗಳಿಗೆ 600 ಡಾಲರ್, ಫ್ಲೈಟ್ ಲೀಡರ್‌ಗೆ 675, ಸ್ಕ್ವಾಡ್ರನ್ ಲೀಡರ್‌ಗೆ 750. ಸೈನ್ಯದಲ್ಲಿ ಲೆಫ್ಟಿನೆಂಟ್ ಆಗಿದ್ದಾಗ ಕೈಗೆ ಬರುತ್ತಿದ್ದುದರ ಎರಡು ಪಟ್ಟಿಗೂ ಹೆಚ್ಚು. ಒಂದೊಂದು ಜಪಾನಿ ವಿಮಾನಕ್ಕೂ 500 ಡಾಲರ್ ಇನಾಮು. ಈ ಇನಾಮು ಕರಾರುಪತ್ರದಲ್ಲಿ ಇರಲಿಲ್ಲ, ಬರೀ ಬಾಯಿಮಾತು. ಚೀನಾ ಸರ್ಕಾರ ಮಾತು ಉಳಿಸಿಕೊಂಡು ಕೊಟ್ಟಿತು. ಇಷ್ಟಾದರೂ ಅವರನ್ನು ಬಾಡಿಗೆ ಸೈನಿಕರು ಎನ್ನಲು ನನಗೆ ಮನಸ್ಸು ಒಪ್ಪುವುದಿಲ್ಲ. ಆ ಸಂಬಳದ ಏರ್ಪಾಡು ನಡೆದದ್ದೇ ಅವರದೇ ಸರ್ಕಾರದ ಒಪ್ಪಿಗೆಯಿಂದ.

1941ರ ಆರಂಭದಲ್ಲಿ ಅಮೆರಿಕ ಇನ್ನೂ ಯುದ್ಧದಿಂದ ಹೊರಗಿತ್ತು. 1937ರಿಂದ ಜಪಾನಿನ ಜೊತೆ ಹೊಡೆದಾಡುತ್ತಿದ್ದ ಚೀನಾ ಹೈರಾಣಾಗಿತ್ತು, ಅದರ ವಾಯುಪಡೆ ಹೆಸರಿಗಷ್ಟೇ ಉಳಿದಿತ್ತು. ಅಮೆರಿಕ ಸೈನ್ಯದಿಂದ 1937ರಲ್ಲಿ ನಿವೃತ್ತರಾಗಿ ಚೀನಾಕ್ಕೆ ಸಲಹೆಗಾರರಾಗಿ ಹೋಗಿದ್ದ ಕ್ಲೇರ್ ಶೆನಾಲ್ಟ್ ಈಗ ವಾಷಿಂಗ್ಟನ್ನಿಗೆ ಬಂದು ವಿಮಾನ ಮತ್ತು ಪೈಲಟ್‌ಗಳಿಗಾಗಿ ಓಡಾಡಿದರು. ಬ್ರಿಟನ್ನಿಗೆ ಹೋಗಬೇಕಿದ್ದ ನೂರು ಪಿ-40 ಫೈಟರ್ ವಿಮಾನಗಳು ಚೀನಾ ಪಾಲಾದವು. ಪೈಲಟ್‌ಗಳನ್ನು ಹುಡುಕಲು ಏಜೆಂಟರು ಸೇನಾ ನೆಲೆಗಳ ಒಳಗೇ ಹೋದರು. ಅಧ್ಯಕ್ಷ ರೂಸ್‌ವೆಲ್ಟ್ ಸರ್ಕಾರದ ಕೃಪೆಯಿಲ್ಲದೆ ಅಲ್ಲಿನ ಗೇಟು ದಾಟಲು ಸಾಧ್ಯವಿತ್ತೇ?

ತೊಡಕು ಕಾನೂನಿನದು. ಪರದೇಶದ ಸರ್ಕಾರಕ್ಕೆ ನಿಷ್ಠೆಯ ಪ್ರಮಾಣ ಮಾಡಿದರೆ ಅಮೆರಿಕದ ಪೌರತ್ವಕ್ಕೇ ಕುತ್ತು ಬರುವಂತಿತ್ತು. ಬ್ರಿಟನ್ನಿನ ಈಗಲ್ ಸ್ಕ್ವಾಡ್ರನ್‌ಗಳಿಗೆ ಸೇರಿದ ಅಮೆರಿಕನ್ನರಿಗೂ ಇದೇ ತಲೆನೋವಿತ್ತು. ದೊರೆಯ ಹೆಸರಿನಲ್ಲಿ ಪ್ರಮಾಣ ಬೇಡ, ಮೇಲಧಿಕಾರಿಗಳ ಮಾತು ಕೇಳಿದರೆ ಸಾಕು ಎಂದು ಅಲ್ಲಿ ದಾರಿ ಮಾಡಿಕೊಂಡರು. ಚೀನಾದ ವಿಷಯದಲ್ಲಿ ಕಂಪನಿಯೊಂದನ್ನು ಮುಂದೆ ನಿಲ್ಲಿಸಿದರು. ಸೈನ್ಯ, ನೌಕಾಪಡೆ, ಮರೀನ್ ಪಡೆಗಳಿಗೆ ರಾಜೀನಾಮೆ ಕೊಟ್ಟ ಹುಡುಗರು ಸೇರಿದ್ದು ‘ಸೆಂಟ್ರಲ್ ಏರ್‌ಕ್ರಾಫ್ಟ್ ಮ್ಯಾನುಫ್ಯಾಕ್ಚರಿಂಗ್ ಕಂಪನಿ’ಗೆ, ಅಂದರೆ ಕ್ಯಾಮ್ಕೊಗೆ. ಒಂದು ವರ್ಷದ ಕರಾರಿನಲ್ಲಿ ಯುದ್ಧದ ಸುದ್ದಿಯೇ ಇಲ್ಲ. ವಿಮಾನ ತಯಾರಿಕೆ, ದುರಸ್ತಿ, ಹಾರಾಟದ ಕೆಲಸ ಎಂದಷ್ಟೇ. ಪಾಸ್‌ಪೋರ್ಟ್‌ಗಳಲ್ಲೂ ಬಗೆಬಗೆಯ ಸುಳ್ಳು ಉದ್ಯೋಗಗಳು. ಶೆನಾಲ್ಟ್ ಅವರದ್ದರಲ್ಲಿ ‘ರೈತ’ ಎಂದಿತ್ತು.

ಈ ಕ್ಯಾಮ್ಕೊ ನಡೆಸುತ್ತಿದ್ದ ವಿಲಿಯಂ ಪಾಲಿ ನಮಗೂ ದೂರದವರಲ್ಲ. 1940ರ ಡಿಸೆಂಬರ್‌ನಲ್ಲಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸಂಸ್ಥಾನದ ಬೆಂಬಲದಿಂದ ಬೆಂಗಳೂರಿನಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಶುರುಮಾಡಿದಾಗ ಜೊತೆಗೆ ನಿಂತ ಅಮೆರಿಕನ್ ಇವರೇ. ಇಂದಿನ ಎಚ್‌ಎಎಲ್‌ನ ಬೇರು ಅದು.

ಅಮೆರಿಕವನ್ನು ಯುದ್ಧಕ್ಕೆ ಎಳೆದ ಪರ್ಲ್ ಹಾರ್ಬರ್ ದಾಳಿಗೆ ಮೊದಲೇ ಈ ಪೈಲಟ್‌ಗಳು ಜಪಾನಿಯರ ಮೇಲೆ ಬಿದ್ದಿದ್ದರು ಎಂದು ಹಲವರು ನಂಬಿದ್ದಾರೆ. ಹಾಗಲ್ಲ. ಬರ್ಮಾದ ಟೌಂಗೂ ಬಳಿಯ ಬ್ರಿಟಿಷ್ ವಿಮಾನ ನೆಲೆಯಲ್ಲಿ ತಿಂಗಳುಗಟ್ಟಲೆ ತಾಲೀಮು ನಡೆಯಿತು. ಬಂದವರಲ್ಲಿ ಫೈಟರ್ ವಿಮಾನ ಮುಟ್ಟದವರೂ ಇದ್ದರು. ತರಬೇತಿಯಲ್ಲೇ ಮೂವರು ಪೈಲಟ್‌ಗಳು ಸತ್ತರು, ಕೆಲವರು ರಾಜೀನಾಮೆ ಕೊಟ್ಟು ಊರಿಗೆ ಮರಳಿದರು. ಜಪಾನಿ ಫೈಟರ್‌ಗಳು ಗಿರಕ್ಕನೆ ತಿರುಗಬಲ್ಲವು, ಅವುಗಳ ಜೊತೆ ಸುತ್ತಾಟಕ್ಕೆ ಇಳಿಯಲೇಬೇಡಿ ಎಂಬುದು ಪಡೆಯ ಮುಖ್ಯಸ್ಥ ಶೆನಾಲ್ಟ್ ಪಾಠ. ಪಿ-40 ಭಾರದ ವಿಮಾನ, ಎತ್ತರದಿಂದ ಧುಮುಕುವುದರಲ್ಲಿ ಅದನ್ನು ಹಿಡಿಯುವವರಿಲ್ಲ. ಮೇಲಿಂದ ಎರಗಿ, ಗುಂಡಿಕ್ಕಿ, ಅದೇ ವೇಗದಲ್ಲಿ ಪಾರಾಗಬೇಕು. ಮೊದಲ ಕಾಳಗ ನಡೆದದ್ದು 1941ರ ಡಿಸೆಂಬರ್ 20ರಂದು, ಚೀನಾದ ಕುನ್ಮಿಂಗ್ ಬಳಿ. ಪರ್ಲ್ ಹಾರ್ಬರ್ ದಾಳಿಯಾಗಿ ಆಗಲೇ ಹದಿಮೂರು ದಿನ ಕಳೆದಿತ್ತು.

ಸುಮಾರು ಮುನ್ನೂರು ವಿಮಾನಗಳನ್ನು ಉರುಳಿಸಿದ ಲೆಕ್ಕ ಇವರ ಹೆಸರಿನಲ್ಲಿದೆ. ಜಪಾನಿ ದಾಖಲೆಗಳನ್ನು ತಾಳೆ ನೋಡಿದ ಇತಿಹಾಸಕಾರರು ಅದರ ಅರ್ಧಕ್ಕೂ ಕಡಿಮೆ ಎನ್ನುತ್ತಾರೆ. ಇನಾಮಿನ ಆಸೆಗೆ ಸುಳ್ಳು ಹೇಳಿದರು ಎಂದು ತಕ್ಷಣ ತೀರ್ಮಾನಿಸಬೇಕಿಲ್ಲ. ಇನಾಮಿಲ್ಲದ ಪಡೆಗಳ ಲೆಕ್ಕವೂ ಆ ಯುದ್ಧದಲ್ಲಿ ಉಬ್ಬಿಯೇ ಇತ್ತು.

ಕಂಪನಿಯ ನೌಕರರು ಎಂಬ ವೇಷಕ್ಕೆ ಇನ್ನೊಂದು ಮಗ್ಗುಲೂ ಇತ್ತು. ಇವರ ಮೇಲೆ ಸೇನಾ ಕಾನೂನು ನಡೆಯುತ್ತಿರಲಿಲ್ಲ. ತಪ್ಪು ಮಾಡಿದರೆ ದಂಡ, ಹೆಚ್ಚೆಂದರೆ ವಜಾ. 1942ರ ಏಪ್ರಿಲ್‌ನಲ್ಲಿ ನೆಲಮಟ್ಟದಲ್ಲಿ ಹಾರಿ ದಾಳಿ ಮಾಡುವ, ನಿಧಾನದ ಬಾಂಬರ್‌ಗಳಿಗೆ ಬೆಂಗಾವಲು ಹೋಗುವ ಕೆಲಸ ಹೆಚ್ಚಾದಾಗ ಇಪ್ಪತ್ತಕ್ಕೂ ಹೆಚ್ಚು ಪೈಲಟ್‌ಗಳು ಒಟ್ಟಾಗಿ ರಾಜೀನಾಮೆಯ ಕಾಗದಕ್ಕೆ ಸಹಿ ಹಾಕಿದರು. ಯುದ್ಧದ ನಡುವೆ ಬಿಟ್ಟುಹೋಗುವುದು ಪಲಾಯನ ಎಂದು ಶೆನಾಲ್ಟ್ ಗದರಿದರು. ಕೊನೆಗೆ ಬಹುತೇಕರು ಉಳಿದರು.

ಪಡೆ ವಿಸರ್ಜನೆಯಾಗಿದ್ದು 1942ರ ಜುಲೈ 4ರಂದು. ಅಲ್ಲಿಯೇ ಅಮೆರಿಕ ಸೈನ್ಯ ಸೇರಿ ಎಂದು ಒತ್ತಡ ಹೇರಲು ಬಂದ ಬ್ರಿಗೇಡಿಯರ್ ಜನರಲ್ ಕ್ಲೇಟನ್ ಬಿಸೆಲ್, ಒಪ್ಪದಿದ್ದರೆ ಊರಿಗೆ ಕಾಲಿಟ್ಟ ಕೂಡಲೇ ಕಡ್ಡಾಯ ಭರ್ತಿಯಾಗುತ್ತದೆ ಎಂದು ಬೆದರಿಸಿದರು. ಒಪ್ಪಿದ ಪೈಲಟ್‌ಗಳು ಐದೇ ಮಂದಿ. ‘ದುಡ್ಡು ನಿಂತಿತು, ಹೊರಟರು’ ಎನ್ನುವವರು ತೋರಿಸುವುದು ಇದನ್ನೇ. ಆದರೆ ಹೊಸಬರು ನೆಲೆಯೂರುವ ತನಕ ಎರಡು ವಾರ ಹೆಚ್ಚಿಗೆ ಉಳಿಯಲು ಹಲವರು ಒಪ್ಪಿದ್ದರು. ಅವರಲ್ಲೊಬ್ಬರು ಜಾನ್ ಪೆಟಾಚ್. ಪಡೆಯ ನರ್ಸ್ ಎಮ್ಮಾ ಫಾಸ್ಟರ್ ಅವರನ್ನು ಆ ವರ್ಷವಷ್ಟೇ ಮದುವೆಯಾಗಿದ್ದರು, ಆಕೆ ಗರ್ಭಿಣಿ. ಕರಾರು ಮುಗಿದ ಆರನೇ ದಿನ, ಜುಲೈ 10ರಂದು, ದಾಳಿಗೆ ಹೋದ ಪೆಟಾಚ್ ವಿಮಾನದ ಜೊತೆಗೇ ಬಿದ್ದು ಸತ್ತರು. ಹೊರಟವರಲ್ಲೂ ಎಲ್ಲರೂ ಮನೆಯಲ್ಲಿ ಕೂರಲಿಲ್ಲ. ನೌಕಾಪಡೆಯಿಂದ ಬಂದಿದ್ದ ಜೇಮ್ಸ್ ಹೋವರ್ಡ್ ಮುಂದೆ ಅಮೆರಿಕದ ವಾಯುಪಡೆಯಲ್ಲಿ ಯುರೋಪಿನ ಮೇಲೆ ಹಾರಿ ದೇಶದ ಅತ್ಯುನ್ನತ ಸೇನಾ ಪದಕವಾದ ಮೆಡಲ್ ಆಫ್ ಆನರ್ ಪಡೆದರು.

ಸರ್ಕಾರಕ್ಕೆ ಮಾತ್ರ ತನ್ನದೇ ಏರ್ಪಾಡನ್ನು ಒಪ್ಪಿಕೊಳ್ಳಲು ಅರ್ಧ ಶತಮಾನ ಬೇಕಾಯಿತು. ಇವರು ಅಂದು ಮಾಡಿದ್ದು ಅಮೆರಿಕದ ಸೇನಾ ಸೇವೆಯೇ ಎಂಬ ಮನ್ನಣೆ ಸಿಕ್ಕಿದ್ದು 1990ರ ದಶಕದಲ್ಲಿ. 1996ರಲ್ಲಿ ಪೈಲಟ್‌ಗಳಿಗೆ ಡಿಸ್ಟಿಂಗ್ವಿಷ್ಡ್ ಫ್ಲೈಯಿಂಗ್ ಕ್ರಾಸ್ ಪದಕ ಕೊಟ್ಟರು. ಇನಾಮಿನ ಒಂದು ಡಾಲರನ್ನೂ ಕಾಣದೆ ಎಂಜಿನ್ ಬಿಚ್ಚಿ ಜೋಡಿಸಿದ ನೆಲದ ಸಿಬ್ಬಂದಿಗೆ ಬ್ರಾನ್ಸ್ ಸ್ಟಾರ್ ಪದಕ.